ಮೊಣಕೈ ಮಟ್ಟದ ಕಿಟಕಿ

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಬಸ್ಸಿನಲ್ಲಿ ಎಡಗಡೆ ಕೂತವರಿಗೆ ಆ ಬಂಗಲೆ ಕಾಣುತ್ತಿತ್ತು. ಬೋಳು ಗುಡ್ಡದ ಬುಡದಲ್ಲಿ ಹಂಚಿನ ಮನೆ, ಮುಂದೆ ಎರಡು ಮುದಿ ಬೇವಿನ ಮರ, ಮರದಡಿ ಕಲ್ಲುಕಟ್ಟೆ. ಕ್ಯಾಂಪು ಬಂದ ಸಾಹೇಬರುಗಳು ಉಳಿದುಕೊಳ್ಳುವ ಸರ್ಕಾರಿ ಜಾಗ. ಅದನ್ನು ಕಾಯುವುದಕ್ಕೆ, ಹಾಸಿಗೆ ಹಾಸುವುದಕ್ಕೆ, ನೀರು ಕಾಯಿಸುವುದಕ್ಕೆ, ಅಡಿಗೆ ಮಾಡಿ ಬಡಿಸುವುದಕ್ಕೆ ಒಬ್ಬನೇ ನೌಕರ. ಅವನಿಗೆ ಮೇಟಿ ಎನ್ನುತ್ತಾರೆ. ಹದಿನೆಂಟು ವರ್ಷದಿಂದ ಅಲ್ಲಿ ಮೇಟಿಯಾಗಿದ್ದವನು ಹುಲಿಕುಂಟೆ ಕಡೆಯ ಗೊಲ್ಲರ ನರಸಪ್ಪ. ಅವನ ಕೈರುಚಿ ತುಮಕೂರಿನವರೆಗೂ ಹೆಸರುವಾಸಿ. ಸಿರಾದಲ್ಲಿ ಕೆಲಸವಿದ್ದ ಸಾಹೇಬರು ಕೂಡ ಊಟದ ಹೊತ್ತಿಗೆ ಜೀಪನ್ನು ಇತ್ತ ತಿರುಗಿಸಿಕೊಂಡು ಬರುತ್ತಿದ್ದರು. ‘ನರಸಪ್ಪನ ಕೈಯ ಮರಿಸಾರು ಉಂಡವನಿಗೆ ಸ್ವರ್ಗ ಬೇಡ’ ಎಂದು ಬಂಗಲೆಯ ಪುಸ್ತಕದಲ್ಲಿ ಬರೆದು ರುಜು ಹಾಕಿದ ಮಹಾನುಭಾವರೂ ಇದ್ದರು.

ಆ ಸಾರು ಮಾಡುತ್ತಿದ್ದವಳು ಅವನ ಹೆಂಡತಿ ಕರಿಯಕ್ಕ.

ನರಸಪ್ಪನಿಗೆ ಒಲೆ ಊದಲೂ ಬರುತ್ತಿರಲಿಲ್ಲ. ಕುರಿ ಕಾಯುತ್ತಿದ್ದವನು ಯಾರದೋ ವಶೀಲಿಯಿಂದ ಈ ಕೆಲಸ ಹಿಡಿದ. ಸೇರಿದ ಮೊದಲನೇ ದಿನವೇ ಒಬ್ಬ ಸಾಹೇಬರು ಬಂದಿಳಿದು ಊಟ ಕೇಳಿದಾಗ, ಹಿತ್ತಲಿನ ಕ್ವಾರ್ಟರ್ಸಿಗೆ ಓಡಿ ಬಂದು ಹೆಂಡತಿಯ ಮುಂದೆ ಅತ್ತೇಬಿಟ್ಟಿದ್ದ. "ನನ್ನ ಮರ್ವಾದೆ ಉಳ್ಸಮ್ಮಿ, ಇದೊಂದು ಸಲ" ಅಂದಿದ್ದ. ಕರಿಯಕ್ಕ ಉಳಿಸಿದಳು. ಆ ಒಂದು ಸಲ ಹದಿನೆಂಟು ವರ್ಷ ನಡೆಯಿತು.

ಅಡಿಗೆಮನೆ ಬಂಗಲೆಯ ಪಕ್ಕದಲ್ಲಿ ಬೇರೆಯಾಗಿಯೇ ಇತ್ತು. ಅದರ ಒಂದೇ ಬಾಗಿಲು ಹಿತ್ತಲಿಗೆ ತೆರೆಯುತ್ತಿತ್ತು. ಮುಂದಿನ ಅಂಗಳದ ಕಡೆಗೆ ಒಂದು ಗೇಣು ಕಿಂಡಿಯೂ ಇಲ್ಲದ ಗೋಡೆ. ಆ ಗೋಡೆಯೇ ನರಸಪ್ಪನ ಅನ್ನದಾತ. ಗೋಡೆಯ ಹಿಂದೆ ಕರಿಯಕ್ಕ ಬೆವರು ಸುರಿಸಿ ಬೇಯಿಸುತ್ತಿದ್ದಳು. ನರಸಪ್ಪ ಬಿಳಿ ಕೋಟು ತೊಟ್ಟು, ಎದೆಗೆ ಹಿತ್ತಾಳೆ ಬಿಲ್ಲೆ ಸಿಕ್ಕಿಸಿ, ಪಾತ್ರೆಗಳನ್ನು ಹೊತ್ತು ಗೋಡೆ ಸುತ್ತಿಕೊಂಡು ಬೇವಿನ ಮರದಡಿಗೆ ಹೋಗುತ್ತಿದ್ದ. ಹೋಗುವ ಮುಂಚೆ ಹಣೆಗೆ ಎರಡು ಹನಿ ನೀರು ಚಿಮುಕಿಸಿಕೊಳ್ಳುತ್ತಿದ್ದ. ಒಲೆಯ ಮುಂದೆ ಬೆಂದವನ ಹಾಗೆ ಕಾಣಬೇಕಲ್ಲ! ಯಾರಾದರೂ ಮನೆಯಾಕೆಯ ವಿಚಾರ ಕೇಳಿದರೆ, "ಅಯ್ಯೋ ಬುಡಿ ಸ್ವಾಮಿ, ಅವ್ಳಿಗೆ ನೀರು ಕಾಯ್ಸಕ್ಕೂ ಬರಾಕಿಲ್ಲ, ಮನೇಲೂ ನಾನೇ ಬೇಯ್ಸೋದು" ಅನ್ನುತ್ತಿದ್ದ. ಈ ಮಾತು ಗೋಡೆಯ ಇತ್ತ ಕಡೆಗೂ ಕೇಳಿಸುತ್ತಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಅನ್ನುತ್ತಾರೆ. ಈ ಬೆಕ್ಕು ಕುಡಿದ ಹಾಲಿಗೆ ತಾನೇ ಹಸು ಅಂತಲೂ ಹೇಳಿಕೊಳ್ಳುತ್ತಿತ್ತು.

ಒಂದು ಹಿಡಿ ಉಪ್ಪು ಹೆಚ್ಚಿಗೆ ಹಾಕಿದ್ದರೆ ಸಾಕಿತ್ತು, ಅವನ ಹದಿನೆಂಟು ವರ್ಷದ ಹೆಸರು ಒಂದು ಮಧ್ಯಾಹ್ನದಲ್ಲಿ ಮಣ್ಣುಪಾಲಾಗುತ್ತಿತ್ತು. ಕರಿಯಕ್ಕನಿಗೆ ಅದು ಗೊತ್ತಿರಲಿಲ್ಲ ಎಂದಲ್ಲ. ಎಷ್ಟೋ ಸಲ ಹಿಡಿ ತುಂಬ ಉಪ್ಪು ಹಿಡಿದು ನಿಂತದ್ದುಂಟು. ಆದರೆ ಕುದಿಯುವ ಸಾರಿನ ಘಮ ಮೂಗಿಗೆ ಬಡಿದರೆ ಕೈ ಮುಂದೆ ಹೋಗುತ್ತಿರಲಿಲ್ಲ. ಹೆಸರು ಅವನದಾದರೇನು, ಸಾರು ತನ್ನದು. ತನ್ನ ಸಾರನ್ನು ತಾನೇ ಕೆಡಿಸಲಾರಳು.

ಮಗಳು ಏಳನೇ ಕ್ಲಾಸಿನಲ್ಲಿದ್ದಾಗ ಬಂಗಲೆಯ ಪುಸ್ತಕವನ್ನು ಮೊದಲಿಂದ ಕೊನೆವರೆಗೆ ಓದಿ ಹೇಳಿದ್ದಳು. ಎಲ್ಲ ಕೇಳಿಸಿಕೊಂಡು ಕರಿಯಕ್ಕ, "ನನ್ನೆಸ್ರು ಎಲ್ಲೂ ಇಲ್ವಾ?" ಅಂದಳು. "ಇಲ್ಲ ಕಣವ್ವ" ಅಂದಳು ಮಗಳು. ಈಗ ಆ ಮಗಳು ತಾವರೆಕೆರೆಗೆ ಮದುವೆಯಾಗಿ ಹೋಗಿ ಎರಡು ಮಕ್ಕಳ ತಾಯಿ. ಆದರೆ ಆ ‘ಇಲ್ಲ’ ಕರಿಯಕ್ಕನ ಎದೆಯಲ್ಲಿ ಹಾಗೇ ಕೂತಿತ್ತು. ಅವಳಿಗೆ ಕೋಟು ಬೇಡ, ಬಿಲ್ಲೆ ಬೇಡ. ಉಂಡವರಲ್ಲಿ ಒಬ್ಬರಾದರೂ, ಒಂದೇ ಒಂದು ಸಲ, ಇದು ಯಾರ ಕೈ ಅಂತ ತಿಳಿದು ಉಣ್ಣಬೇಕು. ಅಷ್ಟೇ.

ತಿಂಗಳಿಗೆ ಮೂರು ದಿನ ಮಾತ್ರ ನರಸಪ್ಪನಿಗೆ ತಪ್ಪದೆ ಜ್ವರ ಬರುತ್ತಿತ್ತು. ಕರಿಯಕ್ಕ ಮುಟ್ಟಾದ ದಿನಗಳು ಅವು. ಗೊಲ್ಲರ ಹಟ್ಟಿಯ ಕಟ್ಟಳೆಯೇ ಹಾಗೆ: ಮುಟ್ಟಾದವಳು ತಾನೇ ಬಾಯಿಬಿಟ್ಟು ಹೇಳಿ ಹೊರಗೆ ಕೂರಬೇಕು, ಮೂರು ದಿನ ಒಲೆ ಮುಟ್ಟುವಂತಿಲ್ಲ, ಅವಳನ್ನು ಯಾರೂ ಮುಟ್ಟುವಂತಿಲ್ಲ, ಕೂಳನ್ನು ದೂರದಿಂದಲೇ ಇಡಬೇಕು. ಬಂಗಲೆಯ ಹಿಂದಿನ ಸೌದೆ ಕೊಟ್ಟಿಗೆಯಲ್ಲಿ ಅವಳು ಕೂರುತ್ತಿದ್ದಳು. ನರಸಪ್ಪ ಜ್ವರದ ನೆಪ ಹೇಳಿ ಸಾಹೇಬರಿಗೆ ಬಸ್‌ಸ್ಟ್ಯಾಂಡಿನ ಹೋಟೆಲಿನಿಂದ ಊಟ ತಂದುಹಾಕಿ, ಅದರಲ್ಲಿ ಉಳಿದದ್ದನ್ನು ಹೆಂಡತಿಯ ಕಡೆ ತಳ್ಳುತ್ತಿದ್ದ. ಹೋದ ಯುಗಾದಿಗೆ ಅವಳ ಮುಟ್ಟು ನಿಂತಿತು. ನರಸಪ್ಪ ಕುಲದೇವರು ಜುಂಜಪ್ಪನಿಗೆ ಹಾಲು ಎರೆದು ಬಂದ. "ದೇವ್ರು ಕಣ್ಬುಟ್ಟ. ಇನ್ಮ್ಯಾಕೆ ತಿಂಗ್ಳೆಲ್ಲಾ ಕೆಲ್ಸಕ್ಕೆ ಸಿಕ್ತೀಯ" ಅಂದ. ಅವಳಿಗೆ ಬದುಕಿನಲ್ಲಿದ್ದ ವಿಶ್ರಾಂತಿ ಅಂದರೆ ಆ ಮೂರು ದಿನ ಮಾತ್ರ. ಅದೂ ಹೋದದ್ದಕ್ಕೆ ಗಂಡ ಹಬ್ಬ ಮಾಡಿದ್ದನ್ನು ಕರಿಯಕ್ಕ ಮರೆಯಲಿಲ್ಲ.

ಎಪ್ಪತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಆ ಕಡೆಗೆ ಹೊಸ ಇಂಜಿನಿಯರ್ ಕಾಡಸಿದ್ದಪ್ಪ ಬಂದರು. ಸಣ್ಣ ವಯಸ್ಸು, ಹೊಸ ಬುಲೆಟ್ಟು, ಕಂಡದ್ದನ್ನೆಲ್ಲ ಒಡೆದು ಕಟ್ಟುವ ಉಮೇದು. ಮರದಡಿ ಕೂತು ಉಣ್ಣುವಾಗ ಮುದ್ದೆ ತಣ್ಣಗಾಗಿ ಬಂದದ್ದು ಅವರಿಗೆ ಹಿಡಿಸಲಿಲ್ಲ.

"ನರಸಪ್ಪ, ಅಡಿಗೆಮನೆಯಿಂದ ಇಲ್ಲಿಗೆ ಇಪ್ಪತ್ತು ಹೆಜ್ಜೆ ಇಲ್ಲ. ನೀನು ಊರೆಲ್ಲ ಸುತ್ತಿ ತರ್ತೀಯಲ್ಲ! ಆ ಗೋಡೆಗೆ ಒಂದು ದೊಡ್ಡ ಕಿಟಕಿ ಇಡಿಸಿಬಿಡೋಣ. ಕೆಳಗೆ ಕಡಪ ಕಲ್ಲು. ನೀನು ಒಳಗಿಂದ ಇಡು, ನಾವು ಇಲ್ಲಿಂದ ತಗೋತೀವಿ. ಬೆಂಗಳೂರು ಕ್ಲಬ್ಬುಗಳಲ್ಲಿ ಈಗ ಎಲ್ಲ ಹಿಂಗೇ."

ನರಸಪ್ಪನ ಮುಖ ಸುಣ್ಣದ ಹಾಗಾಯಿತು. "ಬ್ಯಾಡಿ ಸ್ವಾಮಿ. ಹೊಗೆ ಎಲ್ಲಾ ನಿಮ್ಮ ಕಣ್ಗೇ ಬತ್ತದೆ. ನಾಯಿ ನುಗ್ತವೆ. ಬೇಯೋ ಅಡಿಗೆ ಮ್ಯಾಲೆ ನಾಕು ಜನದ ಕಣ್ ಬಿದ್ರೆ ದೃಷ್ಟಿ ಆಗಿ ರುಚಿ ಕೆಡ್ತದೆ."

"ನಿನ್ನ ಕೈಯ ರುಚಿ ಯಾರ ದೃಷ್ಟಿಗೂ ಕೆಡಲ್ಲ ಬಿಡಯ್ಯ. ಮುಂದಿನ ತಿಂಗಳು ದೊಡ್ಡ ಸಾಹೇಬರು ರಿಟೈರ್ ಆಗ್ತಾರೆ. ಅವರ ಕೊನೇ ಊಟ ಇಲ್ಲೇ. ನೀನು ಮುದ್ದೆ ತೊಳಸೋದನ್ನ ಅವರು ಕಿಟಕಿಯಲ್ಲಿ ಕಣ್ಣಾರೆ ನೋಡಬೇಕು."

ಗೋಡೆಯ ಹಿಂದೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಕರಿಯಕ್ಕ ಸೌಟು ಹಿಡಿದು ನಿಂತುಬಿಟ್ಟಳು. ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಗೋಡೆ ಒಡೆಯುತ್ತಾರಂತೆ!

ಆ ಸಂಜೆ ನರಸಪ್ಪ ಕ್ವಾರ್ಟರ್ಸಿಗೆ ಬಂದವನೇ ಕೋಟು ಕಿತ್ತೆಸೆದು, "ನೀನೇ ಏನಾರ ಹೇಳ್ಕೊಟ್ಟಾ ಆವಯ್ಯಂಗೆ?" ಅಂದ.

"ನಾನೆಲ್ಲಿ ಹೇಳ್ಕೊಡ್ಲಿ. ನೀರು ಕಾಯ್ಸಕ್ಕೂ ಬರ್ದೋಳು."

"ಮೂತಿ ಮ್ಯಾಲೆ ಬುಟ್ಟೇನು ನೋಡು. ಕೆಲ್ಸ ಹೋದ್ರೆ ಇಬ್ರೂ ಮಣ್ಣು ತಿನ್ಬೇಕಾಯ್ತದೆ."

"ನೀನು ತಿನ್ನು. ನಾನು ಬೇಯ್ಸ್ಕೊಂಡು ತಿಂತೀನಿ."

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಈ ಮನೆಯ ಜಗಳವೇ ಉಣ್ಣುವುದರ ಮೇಲಿದ್ದದ್ದರಿಂದ ಅದು ಉಂಡಷ್ಟೂ ಬೆಳೆಯುತ್ತಿತ್ತು.

ವಾರದಲ್ಲಿ ಗಾರೆ ಕೆಲಸದ ಕದರಪ್ಪ ಬಂದ. ಪಾವಗಡದ ಹರಿಜನ ಕಾಲನಿಯವನು, ಅರ್ಧ ಕನ್ನಡ ಅರ್ಧ ತೆಲುಗು, ಮಾತು ಕಡಿಮೆ, ಕೈ ಚುರುಕು. ಅವನು ಹಿತ್ತಲ ಬಾಗಿಲ ಕಡೆ ಹೆಜ್ಜೆ ಹಾಕುತ್ತಿದ್ದಂತೆಯೇ ನರಸಪ್ಪ ಕೈ ಅಡ್ಡ ಹಿಡಿದ.

"ಏಯ್, ಒಳೀಕೆ ಕಾಲಿಡಬ್ಯಾಡ. ಅಡಿಗೆಮನೆ ಅದು. ಹೊರಗಿಂದ್ಲೇ ಒಡಿ, ಹೊರಗಿಂದ್ಲೇ ಕಟ್ಟು."

ಕದರಪ್ಪ ಅವನನ್ನು ಒಂದು ಗಳಿಗೆ ನೋಡಿದ. "ಒಳಗೆ ನೋಡ್ದೆ ಅಳತೆ ಎಲಾ, ಹೆಂಗೆ ತಗೊಳ್ಳೋದು? ಬಡ್ಸೋರ ಮೊಣಕೈ ಮಟ್ಟಕ್ಕೆ ಕಲ್ಲು ಕೂಡಿಸ್ಬೇಕು. ಇಲ್ಲಾಂದ್ರೆ ಎರಡು ದಿನಕ್ಕೇ ರಟ್ಟೆ ಬಿದ್ದೋಯ್ತದೆ."

"ಬಡ್ಸೋನು ನಾನೇ. ತಗೋ, ನನ್ನ ಮೊಣಕೈ" ಎಂದು ನರಸಪ್ಪ ಗೋಡೆಗೆ ಒರಗಿ ನಿಂತ. ಆಳು ಆರಡಿ. ಕದರಪ್ಪ ದಾರ ಹಿಡಿದು ಅವನ ಮೊಣಕೈಗೆ ಸುಣ್ಣದ ಗೆರೆ ಎಳೆದ. ನರಸಪ್ಪ ಅಷ್ಟಕ್ಕೆ ಸುಮ್ಮನಾಗದೆ, "ಇನ್ನೊಂದು ಗೇಣು ಮ್ಯಾಲೇ ಇರ್ಲಿ. ಕೈ ಮಾತ್ರ ಕಂಡ್ರೆ ಸಾಕು" ಅಂದ. ಅಂದವನು ಪಡಿತರ ತರಲು ಮಧುಗಿರಿ ಬಸ್ಸು ಹತ್ತಿದ.

ಒಳಗೆ ಬರಬೇಡ ಎಂದವರ ಒಳಮನೆ, ಗೋಡೆಯ ಎರಡನೇ ಕಲ್ಲು ಬಿದ್ದ ಕೂಡಲೇ ಕದರಪ್ಪನಿಗೆ ಕಂಡಿತು. ದೊಡ್ಡ ಒಲೆಯ ಮುಂದೆ ಒಬ್ಬ ಗಿಡ್ಡ ಹೆಂಗಸು. ಎರಡು ಕಾಲಿಂದ ಕವೆಗೋಲನ್ನು ಮೆಟ್ಟಿ ಪಾತ್ರೆಯನ್ನು ಅಲ್ಲಾಡದ ಹಾಗೆ ಹಿಡಿದು, ಎರಡು ಕೈಯಿಂದ ದೊಣ್ಣೆ ತಿರುಗಿಸಿ ಹಿಟ್ಟು ತೊಳಸುತ್ತಿದ್ದಳು. ದೊಣ್ಣೆ ಒಂದೇ ಲಯದಲ್ಲಿ ಹೋಗುತ್ತಿತ್ತು. ನೋಡಿದವರಿಗೆ ಇದು ನಿನ್ನೆ ಮೊನ್ನೆಯ ಕೈಯಲ್ಲ ಅಂತ ತಿಳಿಯುವಂತಿತ್ತು.

"ಏಮಮ್ಮಾ," ಅಂದ ಕದರಪ್ಪ ತೂತಿನಿಂದ. "ಆ ಕೋಟಿನಯ್ಯ ಬಡ್ಸೋನು ತಾನೇ ಅಂದ್ನಲ್ಲ."

"ಬಡ್ಸೋನು ಅವ್ನೇ. ಬೇಯ್ಸೋಳು ನಾನು" ಅಂದಳು ಕರಿಯಕ್ಕ. ಹದಿನೆಂಟು ವರ್ಷದಲ್ಲಿ ಹೊರಗಿನವರೊಬ್ಬರಿಗೆ ಈ ಮಾತು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಬಾಯಿ ಕಟ್ಟಲಿಲ್ಲ. ಸಾರು, ಪುಸ್ತಕ, ಹಣೆಯ ಮೇಲಿನ ನೀರಿನ ಹನಿ ಎಲ್ಲವನ್ನೂ ಹೇಳಿದಳು. ಕದರಪ್ಪ ಕಲ್ಲು ಬಿಡಿಸುತ್ತಲೇ ಕೇಳಿಸಿಕೊಂಡ.

"ನನ್ನನ್ನ ಒಳಗೆ ಬರಬ್ಯಾಡ ಅಂದ. ನಿನ್ನನ್ನ ಹೊರಗೆ ಕಾಣಬ್ಯಾಡ ಅಂದ. ಭಲೇ ಗಂಡಸು!" ಅಂದ ಕೊನೆಗೆ. ಆಮೇಲೆ ಒಡೆದ ಜಾಗದಿಂದ ಅಳತೆ ದಾರದ ಒಂದು ತುದಿಯನ್ನು ಒಳಗೆ ಚಾಚಿದ. "ಹಿಡ್ಕೋ. ಮೊಣಕೈಗೆ ಇಟ್ಟು ನಿಂತ್ಕೋ."

ಕರಿಯಕ್ಕ ಹಿಂಜರಿದಳು. ಅವಳೂ ಹಟ್ಟಿಯಲ್ಲಿ ಹುಟ್ಟಿದವಳೇ. ಕಾಲನಿಯವನ ಕೈಯ ದಾರ ಹಿಡಿಯಬಾರದು ಅಂತ ಬೆಳೆದವಳೇ. ಆದರೆ ಈವತ್ತಿನವರೆಗೆ ಅವಳ ಅಳತೆಯನ್ನು ಯಾರೂ ಕೇಳಿರಲಿಲ್ಲ. ದಾರ ಹಿಡಿದು ಮೊಣಕೈಗೆ ಒತ್ತಿಕೊಂಡಳು. ಕದರಪ್ಪ ನರಸಪ್ಪನ ಗೆರೆಯನ್ನು ಅಂಗೈಯಿಂದ ಒರೆಸಿ, ಒಂದು ಗೇಣು ಕೆಳಗೆ ಬೇರೆ ಗೆರೆ ಎಳೆದ.

ನರಸಪ್ಪ ಬಸ್ಸಿಳಿದು ಬರುವಷ್ಟರಲ್ಲಿ ಕಡಪ ಕಲ್ಲು ಕೂತು ಗಾರೆ ಹಿಡಿಯುತ್ತಿತ್ತು. ನಾಲ್ಕು ಅಡಿ ಅಗಲದ ಕಿಟಕಿ, ಹೊರಗೆ ತೆರೆಯುವ ಎರಡು ಬಾಗಿಲು. ಅಂಗಳದಲ್ಲಿ ನಿಂತರೆ ಒಳಗಿನ ಒಲೆ, ನೆಲದ ಮೇಲಿನ ಒರಳು, ಮೂಲೆಯ ನೀರಿನ ಗುಡಾಣ ಎಲ್ಲ ಕಾಣುತ್ತಿತ್ತು. ನರಸಪ್ಪ ಒಳಗೆ ಹೋಗಿ ಕಿಟಕಿಯ ಮುಂದೆ ನಿಂತ. ಹೊರಗಿನವರಿಗೆ ಅವನ ಕೋಟು, ಬಿಲ್ಲೆ, ಕುತ್ತಿಗೆ ಕಾಣುತ್ತಿತ್ತು. ಮುಖ ತೋರಿಸಬೇಕಾದರೆ ತಲೆ ಬಗ್ಗಿಸಬೇಕಾಗಿತ್ತು.

"ಲೇ ಕದ್ರಪ್ಪ! ಇದ್ಯಾರ ಅಳತೆನ್ಲಾ?"

"ಒಲೆ ಹೇಳಿದ ಅಳತೆ" ಅಂದ ಕದರಪ್ಪ. ಕರಣೆ ತೊಳೆದುಕೊಂಡು, ಮಿಕ್ಕ ಮೂರು ಇಟ್ಟಿಗೆಯನ್ನು ಗೋಡೆಯ ಬದಿಗೆ ಇಟ್ಟು ಬಸ್ಸಿಗೆ ಹೊರಟುಹೋದ. ಇಂಜಿನಿಯರ್ ಕಾಡಸಿದ್ದಪ್ಪನವರು ಬಂದು ನೋಡಿ, "ಫಸ್ಟ್ ಕ್ಲಾಸ್! ಮುದ್ದೆ ಪಾತ್ರೆಯೂ ಕಾಣ್ತದೆ" ಎಂದು ಮೆಚ್ಚಿಕೊಂಡ ಮೇಲೆ ನರಸಪ್ಪ ಬಾಯಿ ಮುಚ್ಚಿಕೊಳ್ಳಬೇಕಾಯಿತು. ಆದರೆ ಅವನ ಕಣ್ಣು ಗೋಡೆಯ ಬದಿಯ ಆ ಮೂರು ಇಟ್ಟಿಗೆಯ ಮೇಲೆ ಬಿತ್ತು.

ದೊಡ್ಡ ಸಾಹೇಬರ ಊಟ ಭಾನುವಾರ ಮಧ್ಯಾಹ್ನ. ಕರಿಯಕ್ಕ ಬೆಳಗಿನ ಜಾವಕ್ಕೇ ತಲೆಗೆ ನೀರು ಹಾಕಿಕೊಂಡು, ಮಗಳು ಕೊಟ್ಟಿದ್ದ ಕೆಂಪು ಸೀರೆ ಉಟ್ಟಳು. ಮಸಾಲೆ ಅರೆದಳು, ಮರಿಮಾಂಸ ತೊಳೆದಳು. ಈವತ್ತು ಕಿಟಕಿ ತೆರೆಯುತ್ತದೆ. ತಾನು ಯಾರಿಗೂ ಏನೂ ಹೇಳಬೇಕಾಗಿಲ್ಲ. ನಿಂತು ಬೇಯಿಸಿದರೆ ಸಾಕು, ಎಲ್ಲರಿಗೂ ಕಾಣುತ್ತದೆ. ಅವಳು ಇಪ್ಪತ್ತು ದಿನದಿಂದ ಕಾದದ್ದು ಇದಕ್ಕೆ.

ಹತ್ತು ಗಂಟೆಗೆ ನರಸಪ್ಪ ಆ ಮೂರು ಇಟ್ಟಿಗೆ ತಂದು ಕಿಟಕಿಯ ಕೆಳಗೆ, ಗೋಡೆಗೆ ಅಂಟಿದ ಮೂಲೆಯಲ್ಲಿ ಒಲೆ ಹೂಡಿದ. ಹೊರಗಿನಿಂದ ಇಣುಕಿದರೂ ಕಾಣದ ಜಾಗ.

"ಇಲ್ಲಿ ಕುಂತ್ಕೊಂಡು ಬೇಯ್ಸು. ತಲೆ ಎತ್ತಬ್ಯಾಡ. ಕೈ ಮ್ಯಾಲೆತ್ತಿ ಕೊಡು, ನಾನು ಈಸ್ಕೊಂಡು ಕಲ್ಲಿನ ಮ್ಯಾಲಿಡ್ತೀನಿ."

"ದೊಡ್ಡ ಒಲೆ?"

"ಅದ್ರ ಮ್ಯಾಲೆ ನೀರಿನ ಪಾತ್ರೆ ಇಕ್ಕಿವ್ನಿ. ಅವ್ರು ನೋಡ್ದಾಗ ನಾನು ಅದ್ರಾಗೆ ದೊಣ್ಣೆ ಆಡುಸ್ತೀನಿ."

"ಬರೀ ನೀರಾಗಾ?"

"ಅವ್ರಿಗೇನ್ ಗೊತ್ತಾಯ್ತದೆ? ಕೆಮ್ಮಬ್ಯಾಡ, ಬಳೆ ಆಡುಸ್ಬ್ಯಾಡ. ಇವತ್ತು ಏನಾರ ಆದ್ರೆ ನಿನ್ನ ಆ ತಾವರೆಕೆರೆ ಮಗಳ ಮನೆಗೇ ಅಟ್ಬುಡ್ತೀನಿ."

ಕರಿಯಕ್ಕ ಕೂತಳು. ಬೇರೆ ದಾರಿ ಏನಿತ್ತು? ಗೋಡೆಯಿದ್ದಾಗ ಗೋಡೆಯ ಹಿಂದೆ ನಿಂತಾದರೂ ಬೇಯಿಸುತ್ತಿದ್ದಳು. ಅವಳ ಮೊಣಕೈ ಅಳತೆಗೆ ಕಟ್ಟಿದ ಕಿಟಕಿ ಬಂದ ಮೇಲೆ ಅದರ ಬುಡದಲ್ಲಿ ಮುದುರಿ ಕೂರಬೇಕಾಯಿತು. ಮೂರು ಇಟ್ಟಿಗೆಯ ಒಲೆಯ ಹೊಗೆ ನೇರ ಮುಖಕ್ಕೆ. ಕಾಲು ಜೋಮು ಹಿಡಿಯಿತು. ಕೆಂಪು ಸೀರೆಯ ಸೆರಗಿಗೆ ಕಿಡಿ ಹಾರಿ ತೂತು ಬಿತ್ತು. ಅವಳಿಗೆ ಅಳು ಬರಲಿಲ್ಲ, ರೋಷ ಬಂತು. ಆ ರೋಷದಲ್ಲೂ ಸಾರಿನ ಹದ ತಪ್ಪಲಿಲ್ಲ.

ಒಂದು ಗಂಟೆಗೆ ಜೀಪುಗಳು ಬಂದವು. ಮರದಡಿ ಮೇಜು, ಕುರ್ಚಿ, ಹತ್ತು ಹನ್ನೆರಡು ಜನ. ದೊಡ್ಡ ಸಾಹೇಬರ ಜೊತೆ ಅವರ ಹೆಂಡತಿ ಮಹಾಲಕ್ಷ್ಮಮ್ಮನವರೂ ಬಂದಿದ್ದರು. ಕೊರಟಗೆರೆ ಕಡೆಯ ಒಕ್ಕಲು ಮನೆತನದ ಹೆಣ್ಣು, ಅಡಿಗೆಯ ವಿಚಾರ ಬಲ್ಲವರು. ಕಿಟಕಿಯ ಬಾಗಿಲು ತೆರೆಯಿತು. ಕರಿಯಕ್ಕ ಕೆಳಗಿಂದ ಎತ್ತಿ ಕೊಟ್ಟಳು, ನರಸಪ್ಪ ಕಲ್ಲಿನ ಮೇಲಿಟ್ಟ. ಅವಳ ತಲೆಯ ಮೇಲೆಯೇ ಪಾತ್ರೆಗಳು ದಾಟಿ ಹೋದವು. ಅವಳ ತಲೆಯ ಮೇಲೆಯೇ ಹೊಗಳಿಕೆಯೂ ಬಂತು.

"ನರಸಪ್ಪ, ಇದು ಕೈಯಲ್ಲ ಕಣಯ್ಯ, ದೇವರ ಪ್ರಸಾದ!" ಅಂದರು ದೊಡ್ಡ ಸಾಹೇಬರು. ನರಸಪ್ಪ ತಲೆ ಬಗ್ಗಿಸಿ ಕಿಟಕಿಯಲ್ಲಿ ಮುಖ ತೋರಿಸಿ ಕೈ ಮುಗಿದ. ಆಮೇಲೆ ದೊಡ್ಡ ಒಲೆಯ ಹತ್ತಿರ ಹೋಗಿ ನೀರಿನಲ್ಲಿ ದೊಣ್ಣೆ ಆಡಿಸಿದ. ಎಲ್ಲರೂ "ಆಹಾ" ಅಂದರು.

ಎರಡನೇ ಸುತ್ತಿಗೆ ಮುದ್ದೆ ಬೇಕಾಯಿತು. ಕರಿಯಕ್ಕ ಇಟ್ಟಿಗೆ ಒಲೆಯ ಮೇಲೆ ಎಸರು ಕುದಿಸಿ ರಾಗಿಹಿಟ್ಟು ಸುರಿದಳು. ಹಿಟ್ಟು ನೀರಿನ ನಡುವೆ ಗುಡ್ಡೆಯಾಗಿ ನಿಂತು ಬೇಯತೊಡಗಿತು. ಇನ್ನೊಂದು ಗಳಿಗೆಗೆ ತೊಳಸಬೇಕು. ತಡವಾದರೆ ಗಂಟು, ಇನ್ನೂ ತಡವಾದರೆ ಸೀದುಹೋಗುತ್ತದೆ. ಅಷ್ಟರಲ್ಲಿ ಮಹಾಲಕ್ಷ್ಮಮ್ಮ ಕೈಯಲ್ಲಿ ತಟ್ಟೆ ಹಿಡಿದುಕೊಂಡೇ ಕಿಟಕಿಯ ಹತ್ತಿರ ಬಂದರು.

"ಏನಪ್ಪ, ನಿನ್ನ ಹೆಂಡ್ತಿ ಕಾಣ್ತಾ ಇಲ್ಲ? ಆಯಮ್ಮಂಗೆ ಒಂದು ಸೀರೆ ತಂದಿದ್ದೆ."

"ಊರಿಗೆ ಹೋಗವ್ಳೆ ತಾಯಿ" ಅಂದ ನರಸಪ್ಪ ಹಿಂದೆ ಮುಂದೆ ನೋಡದೆ. "ಇದ್ರೂ ಏನ್ ಪ್ರಯೋಜ್ನ? ಅವ್ಳ ಕೈಗೆ ಸೌಟು ಕೊಟ್ರೆ ನಾಯೀನೂ ಮೂಸಾಕಿಲ್ಲ."

ಕರಿಯಕ್ಕನ ಕೈಯಲ್ಲಿದ್ದ ದೊಣ್ಣೆ ಅಲ್ಲೇ ನಿಂತಿತು. ನೀರು ಕಾಯಿಸಲು ಬಾರದವಳು ಅಂದಿದ್ದ, ಸಹಿಸಿದ್ದಳು. ಇದ್ದವಳನ್ನೇ ಇಲ್ಲ ಅಂದ. ನಾಯಿ ಮೂಸದ ಕೈ ಅಂದ. ಅವಳ ಕೈ ಬೇಯಿಸಿದ್ದನ್ನು ಹನ್ನೆರಡು ಜನ ಬೆರಳು ಚೀಪಿಕೊಂಡು ಉಣ್ಣುತ್ತಿರುವಾಗ, ಅವಳ ತಲೆಯ ಮೇಲೆ ನಿಂತು ಅಂದ. ಅವಳ ಕಣ್ಣು ಪಾತ್ರೆಯ ಮೇಲೆ ಬಿತ್ತು. ಹಿಟ್ಟು ತೊಳಸುವ ಹದಕ್ಕೆ ಬಂದಿತ್ತು. ಕೆಡಿಸಲು ಅವಳಿಂದ ಆಗದು. ಬಿಟ್ಟು ಹೋಗಲು ಆದೀತು.

ದೊಣ್ಣೆಯನ್ನು ಪಾತ್ರೆಗೆ ಒರಗಿಸಿ, ಮಂಡಿ ಹಿಡಿದುಕೊಂಡು ಎದ್ದಳು. ಕಿಟಕಿ ಅವಳ ಅಳತೆಗೆ ಸರಿಯಾಗಿತ್ತು. ಮೊಣಕೈ ಕಡಪ ಕಲ್ಲಿನ ಮೇಲೆ ನೇರ ಕೂತಿತು, ಮುಖ ಎಲ್ಲರಿಗೂ ಪೂರ್ತಿ ಕಂಡಿತು. ಮಹಾಲಕ್ಷ್ಮಮ್ಮ ಎರಡು ಹೆಜ್ಜೆ ಹಿಂದೆ ಸರಿದರು.

"ಊರಿಗೆ ಹೋಗಿಲ್ಲ ತಾಯಿ. ಇಲ್ಲೇ ಕೆಳೀಕೆ ಇದ್ದೆ" ಅಂದಳು ಕರಿಯಕ್ಕ. ಆಮೇಲೆ ಮರದಡಿಯವರಿಗೂ ಕೇಳಿಸುವ ಹಾಗೆ ಹೇಳಿದಳು: "ಈಗ ಮುಟ್ಟಾದೆ. ನಮ್ಮ ಹಟ್ಟಿ ಕಟ್ಟಳೆ, ಹೇಳ್ದೆ ಇರಂಗಿಲ್ಲ. ಒಲೆ ಮುಂದೆ ನಿಲ್ಲಂಗಿಲ್ಲ."

ಸುಳ್ಳು ಅಂತ ನರಸಪ್ಪನಿಗೆ ಗೊತ್ತು. ಹೋದ ಯುಗಾದಿಗೇ ನಿಂತಿದೆ, ಹಾಲು ಎರೆದವನೇ ಅವನು. ಆದರೆ ಹನ್ನೆರಡು ಜನ ಸಾಹೇಬರ ಮುಂದೆ, ಒಬ್ಬ ಹೆಂಗಸಿನ ಎದುರಿಗೆ, ಅದನ್ನು ಯಾವ ಬಾಯಲ್ಲಿ ಹೇಳುತ್ತಾನೆ? ಹೇಳದೆ ಕೈ ಹಿಡಿದು ಕೂರಿಸೋಣವೆಂದರೆ, ಎಲ್ಲೋ ನಿಜವೇ ಆಗಿದ್ದರೆ? ಮುಟ್ಟಾದವಳನ್ನು ಮುಟ್ಟಿದವನನ್ನು ಜುಂಜಪ್ಪ ಬಿಟ್ಟಾನೆಯೇ? ಹಿಡಿಯಲು ಚಾಚಿದ ಕೈಯನ್ನು ಅವನು ಹಿಂದಕ್ಕೆ ಎಳೆದುಕೊಂಡ. ಗೋಡೆಗೆ ಅಂಟಿಕೊಂಡು ಅವಳಿಗೆ ದಾರಿ ಬಿಟ್ಟ.

ಕರಿಯಕ್ಕ ಹಿತ್ತಲ ಬಾಗಿಲಿನಿಂದ ಹೊರಟು, ಹದಿನೆಂಟು ವರ್ಷ ಗಂಡ ಪಾತ್ರೆ ಹೊತ್ತು ಸುತ್ತುತ್ತಿದ್ದ ದಾರಿಯಲ್ಲೇ ಗೋಡೆ ಸುತ್ತಿಕೊಂಡು ಅಂಗಳಕ್ಕೆ ಬಂದಳು. ಮನಸ್ಸಿನಲ್ಲೇ ದೇವರಿಗೆ ಹೇಳಿಕೊಂಡಳು: ಜುಂಜಪ್ಪ, ಅವನ ಸುಳ್ಳು ಇಷ್ಟು ವರ್ಷ ನಿನ್ನ ಕಿವಿಗೆ ಬೀಳಲಿಲ್ಲ, ನನ್ನದೊಂದು ಬೀಳದಿದ್ದರೆ ನಿನ್ನ ಗಂಟೇನೂ ಹೋಗುವುದಿಲ್ಲ. ಎರಡನೇ ಬೇವಿನ ಮರದ ಬುಡದಲ್ಲಿ, ಎಲ್ಲರಿಂದ ದೂರ, ಕಿಟಕಿಗೆ ನೇರ ಎದುರಾಗಿ ಕೂತಳು.

"ಆಗಲಿ ನರಸಪ್ಪ, ಮುದ್ದೆ ಬರಲಿ" ಅಂದರು ಕಾಡಸಿದ್ದಪ್ಪ.

ಒಳಗೆ ಹಿಟ್ಟು ತಳ ಹಿಡಿಯುವ ವಾಸನೆ ಎದ್ದಿತ್ತು. ನರಸಪ್ಪ ಗಡಬಡಿಸಿ ಪಾತ್ರೆಯನ್ನು ಕೋಟಿನ ತುದಿಯಲ್ಲಿ ಹಿಡಿದೆತ್ತಿ ದೊಡ್ಡ ಒಲೆಯ ಮುಂದೆ ಇಟ್ಟ. ಈಗ ಎಲ್ಲ ಕಾಣುತ್ತಿತ್ತು. ಕವೆಗೋಲನ್ನು ಹೇಗೆ ಮೆಟ್ಟುವುದೆಂದು ಅವನಿಗೆ ಗೊತ್ತಿರಲಿಲ್ಲ. ದೊಣ್ಣೆ ತಿರುಗಿಸಿದರೆ ಪಾತ್ರೆಯ ಸಮೇತ ಗಿರಗಿರನೆ ಸುತ್ತಿತು. ಪಾತ್ರೆಯನ್ನು ಕೈಯಲ್ಲಿ ಒತ್ತಿ ಹಿಡಿದ, "ಹಾ" ಎಂದು ಕಿರುಚಿ ಬೆರಳನ್ನು ಬಾಯಿಗೆ ಇಟ್ಟುಕೊಂಡ. ಅರ್ಧ ಹಿಟ್ಟು ಒಲೆಗೆ ಚೆಲ್ಲಿ ಬೂದಿ ಎದ್ದಿತು. ಉಳಿದದ್ದನ್ನು ಹಲಗೆಗೆ ಸುರಿದು ಮುದ್ದೆ ಕಟ್ಟಲು ಹೋದ. ಕೈ ಒದ್ದೆ ಮಾಡಿಕೊಳ್ಳಬೇಕೆಂದೂ ತಿಳಿಯದೆ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡ. ಮರದಡಿ ಒಬ್ಬರು ನಗಲು ಹೋಗಿ ದೊಡ್ಡ ಸಾಹೇಬರ ಮುಖ ನೋಡಿ ತಟ್ಟೆಯ ಕಡೆ ತಲೆ ತಗ್ಗಿಸಿದರು.

ನರಸಪ್ಪ ತಂದು ಕಲ್ಲಿನ ಮೇಲಿಟ್ಟದ್ದು ಉಂಡೆಯೂ ಅಲ್ಲ, ಗಂಜಿಯೂ ಅಲ್ಲ. ಮಹಾಲಕ್ಷ್ಮಮ್ಮ ಒಂದು ಬೆರಳಿನಿಂದ ಅದನ್ನು ಒಡೆದು ನೋಡಿದರು. ಒಳಗೆ ಒಣಹಿಟ್ಟಿನ ಗಂಟುಗಳು ಬಿಳಿಬಿಳಿಯಾಗಿ ಕಂಡವು.

"ಕೈ ಸುಟ್ಬುಡ್ತು ತಾಯಿ, ಅದ್ಕೇ. ಈ ಕಿಟ್ಕಿಯಿಂದ ಗಾಳಿ ಬೇರೆ..."

"ಕುಣಿಲಾರದೋನಿಗೆ ನೆಲ ಡೊಂಕು" ಅಂದರು ಮಹಾಲಕ್ಷ್ಮಮ್ಮ. ಅವರ ಸ್ವರ ಗಡುಸಾಗಿತ್ತು. "ನಿಜ ಹೇಳು. ಆ ಸಾರು ಮಾಡಿದ್ದು ಯಾರು?"

ಕರಿಯಕ್ಕ ಮರದಡಿಯಲ್ಲಿ ಕಾದಳು. ನಾನೇ ಅನ್ನಲು ಅವಳಿಗೆ ಬಾಯಿರಲಿಲ್ಲವೇ? ಇತ್ತು. ಅವನ ಬಾಯಿಂದ ಬರಬೇಕಾಗಿತ್ತು. ನರಸಪ್ಪ ತಲೆ ಬಗ್ಗಿಸಿ ಕಿಟಕಿಯಲ್ಲಿ ನೋಡಿದ. ಹೆಂಡತಿಯ ಕಣ್ಣಿಗೆ ಕಣ್ಣು ಕೊಟ್ಟ. ಆಮೇಲೆ ಹಿಟ್ಟು ಮೆತ್ತಿದ ಎರಡೂ ಕೈಯನ್ನು ಹೊರಗೆ ಚಾಚಿ, ಕಿಟಕಿಯ ಬಾಗಿಲುಗಳನ್ನು ದಡಾರನೆ ಎಳೆದು ಮುಚ್ಚಿ ಒಳಗಿಂದ ಚಿಲಕ ಹಾಕಿಕೊಂಡ.

ಇನ್ನು ಉತ್ತರ ಯಾರಿಗೂ ಬೇಕಾಗಿರಲಿಲ್ಲ. ದೊಡ್ಡ ಸಾಹೇಬರು ತಟ್ಟೆಯಲ್ಲಿ ಉಳಿದ ಸಾರನ್ನು ಒಂದು ಗಳಿಗೆ ನೋಡಿದರು. ಆಮೇಲೆ ಕುರ್ಚಿಯನ್ನು ತಿರುಗಿಸಿ, ಎರಡನೇ ಮರದ ಕಡೆ ಮುಖ ಮಾಡಿ ಕೂತರು.

"ನಿನ್ನ ಹೆಸರೇನಮ್ಮ?"

ಹದಿನೆಂಟು ವರ್ಷದಲ್ಲಿ ಆ ಅಂಗಳದಲ್ಲಿ ಯಾರೂ ಕೇಳದಿದ್ದ ಪ್ರಶ್ನೆ.

"ಕರಿಯಕ್ಕ" ಅಂದಳು.

"ಕಾಡಸಿದ್ದಪ್ಪ, ಆ ಪುಸ್ತಕ ತಗೊಂಡು ಬಾರಯ್ಯ" ಅಂದರು ಸಾಹೇಬರು. ಮಹಾಲಕ್ಷ್ಮಮ್ಮ ಸೀರೆಯ ಪೊಟ್ಟಣವನ್ನು ಅವಳ ಹತ್ತಿರ ಕಟ್ಟೆಯ ಮೇಲೆ ಇಟ್ಟರು. ಕೈಗೇ ಕೊಡಲು ಹೋದವರು ಕಟ್ಟಳೆ ನೆನಪಾಗಿ ತಡೆದರು. ಕರಿಯಕ್ಕ ಪೊಟ್ಟಣದ ಕಡೆ ನೋಡಲಿಲ್ಲ. ಕಿಟಕಿಯ ಕಡೆ ನಡೆದಳು. ಹೊಸ ಮರದ ಬಾಗಿಲ ಮೇಲೆ ಗಂಡನ ಹತ್ತು ಬೆರಳಿನ ಹಿಟ್ಟಿನ ಗುರುತು ಇನ್ನೂ ಒದ್ದೆಯಾಗಿತ್ತು. ಮೊಣಕೈಯನ್ನು ಕಡಪ ಕಲ್ಲಿನ ಮೇಲೆ ಊರಿ, ಗೆಣ್ಣಿನಿಂದ ಬಾಗಿಲು ಬಡಿದಳು.

"ತೆಗಿಯಯ್ಯ ಕಿಟ್ಕೀನ. ಬೆಳಗ್ಗಿಂದ ಏನೂ ತಿಂದಿಲ್ಲ, ಹೊಟ್ಟೆ ಹಸಿತೈತೆ. ಇನ್ನು ಮೂರು ದಿನ ನಾನು ಒಲೆ ಮುಟ್ಟಂಗಿಲ್ಲ. ನೀನೇ ಬೇಯ್ಸಿ, ನೀನೇ ಇಕ್ಬೇಕು."